ಅಂಟಿನ ಬಲ ನೋಡುವ ಮೊದಲು ಪ್ಲಾಸ್ಟಿಕ್ಕಿನ ಬಗೆ ನೋಡಬೇಕು

ಹಾರ್ಡ್‌ವೇರ್ ಅಂಗಡಿಗೆ ಒಡೆದ ಪ್ಲಾಸ್ಟಿಕ್ ವಸ್ತುವೊಂದನ್ನು ತಂದು, ಗಲ್ಲಾದ ಮುಂದಿಟ್ಟು, "ಇದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಅಂಟು ಕೊಡಿ" ಎಂದು ಕೇಳುವ ಗ್ರಾಹಕರು ದಿನನಿತ್ಯ ಕಾಣಸಿಗುತ್ತಾರೆ. ವರ್ತಕರೂ ತಮ್ಮಲ್ಲಿರುವ ಅತ್ಯಂತ ಗಟ್ಟಿಯಾದದ್ದನ್ನೇ ಕೊಡುತ್ತಾರೆ. ಬೆಲೆಯೂ ಹೆಚ್ಚೇನಲ್ಲ. ಮೂರನೆಯ ದಿನ ಅದೇ ಗ್ರಾಹಕ ಅದೇ ವಸ್ತುವನ್ನು ಎರಡು ತುಂಡಾಗಿಯೇ ಹಿಡಿದುಕೊಂಡು ಮರಳಿ ಬರುತ್ತಾನೆ. ಅಂಟು ನಕಲಿ ಎನ್ನುತ್ತಾನೆ. ವರ್ತಕರು ಹಚ್ಚಿದ ರೀತಿ ಸರಿಯಿಲ್ಲ ಎನ್ನುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅಂಟು ನಕಲಿಯೂ ಅಲ್ಲ, ಹಚ್ಚಿದ ರೀತಿ ತಪ್ಪೂ ಅಲ್ಲ. ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ, ಅಷ್ಟೆ. ಒಡೆದದ್ದು ಯಾವ ಪ್ಲಾಸ್ಟಿಕ್ ಎಂಬುದೇ ಆ ಪ್ರಶ್ನೆ.

ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಬಕೆಟ್ಟು, ಕುರ್ಚಿ ಹಾಗೂ ಕ್ರೇಟುಗಳು ಸಾಮಾನ್ಯವಾಗಿ ಪಾಲಿಪ್ರಾಪಿಲೀನ್ ಇಲ್ಲವೇ ಪಾಲಿಎಥಿಲೀನ್‌ನಿಂದಾದವು. ಮಿಕ್ಸಿಯ ಹೊರಕವಚ ಎಬಿಎಸ್. ಫ್ರಿಜ್ಜಿನ ಒಳಮೈ ಪಾಲಿಸ್ಟೈರೀನ್. ನೀರಿನ ಕೊಳವೆ ಪಿವಿಸಿ, ಅಂಗಡಿಯ ನಾಮಫಲಕ ಅಕ್ರಿಲಿಕ್, ಸಣ್ಣ ಯಂತ್ರಗಳ ಹಲ್ಲುಚಕ್ರ ನೈಲಾನ್. ಕಣ್ಣಿಗೆ ಎಲ್ಲವೂ ಒಂದೇ ಬಗೆಯ ನುಣುಪು. ಆದರೆ ಅಂಟಿನ ಎದುರು ಒಂದೊಂದರ ವರ್ತನೆಯೂ ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಪ್ಲಾಸ್ಟಿಕ್ ದುರಸ್ತಿಯಲ್ಲಿ ಪ್ರತಿದಿನವೂ ನಡೆಯುತ್ತಿದೆ.

ಇದರ ಹಿಂದಿನ ಕಾರಣ ಸರಳವಾದುದು. ಯಾವ ಅಂಟಾದರೂ ಹಿಡಿಯಬೇಕಾದರೆ ಮೊದಲು ಅದು ದ್ರವರೂಪದಲ್ಲಿ ಮೇಲ್ಮೈಯನ್ನು ಒದ್ದೆ ಮಾಡಿ ಹರಡಿಕೊಳ್ಳಬೇಕು. ಹರಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ವಸ್ತುವಿನ ಮೇಲ್ಮೈ ಶಕ್ತಿ. ಪಾಲಿಪ್ರಾಪಿಲೀನ್ ಮತ್ತು ಪಾಲಿಎಥಿಲೀನ್‌ಗಳಲ್ಲಿ ಇದು ಸೆಂಟಿಮೀಟರಿಗೆ ಸುಮಾರು 30 ಡೈನ್. ನೈಲಾನ್, ಪಾಲಿಕಾರ್ಬೊನೇಟ್ ಮುಂತಾದವುಗಳಲ್ಲಿ 40ಕ್ಕಿಂತ ಹೆಚ್ಚು. ಕೆಸುವಿನೆಲೆಯ ಮೇಲಿನ ನೀರಿನಂತೆ ಅಂಟು ಈ ಮೊದಲ ಎರಡು ಪ್ಲಾಸ್ಟಿಕ್ಕುಗಳ ಮೇಲೆ ಹನಿಗಟ್ಟಿ ನಿಲ್ಲುತ್ತದೆ, ಒಳಹೊಕ್ಕು ಹಿಡಿಯುವುದಿಲ್ಲ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಹಪ್ಪಳದಂತೆ ಎದ್ದು ಬರುತ್ತದೆ. ಅಂಟಿನ ಟ್ಯೂಬಿನ ಮೇಲೆ ಎಷ್ಟು ಟನ್ ಭಾರ ಎತ್ತುವ ಚಿತ್ರವಿದ್ದರೂ ಇಲ್ಲಿ ಅದು ಪ್ರಯೋಜನಕ್ಕೆ ಬಾರದು. ಆ ಚಿತ್ರದಲ್ಲಿರುವುದು ಸಾಮಾನ್ಯವಾಗಿ ಉಕ್ಕು. ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ, ಅತಿ ಹೆಚ್ಚು ಒಡೆಯುವ ಪ್ಲಾಸ್ಟಿಕ್ಕುಗಳೇ ಅತಿ ಕಡಿಮೆ ಅಂಟುವಂಥವು ಎಂಬುದು ಈ ವ್ಯಾಪಾರದ ವಿಪರ್ಯಾಸ.

ಈ ಸಂಗತಿ ಉದ್ಯಮಕ್ಕೆ ಹೊಸದೇನಲ್ಲ. ಪಾಲಿಥೀನ್ ಹಾಳೆಯ ಮೇಲೆ ಮುದ್ರಿಸುವವರು ಹಾಳೆಯನ್ನು ಮೊದಲು ಕರೋನಾ ಸಂಸ್ಕರಣೆಗೆ ಒಳಪಡಿಸಿ, ಮೇಲ್ಮೈ ಶಕ್ತಿಯನ್ನು 38 ಡೈನ್ ಅಥವಾ ಅದಕ್ಕಿಂತ ಮೇಲಕ್ಕೆ ಏರಿಸಿದ ನಂತರವೇ ಶಾಯಿಯನ್ನು ಹಾಯಿಸುತ್ತಾರೆ. ಬಾಟಲಿಗಳ ಮೇಲೆ ಮುದ್ರಿಸುವವರು ಅವುಗಳನ್ನು ಕ್ಷಣಮಾತ್ರ ಜ್ವಾಲೆಯ ಮುಂದೆ ಹಾಯಿಸುತ್ತಾರೆ. ಹೀಗೆ ಕಾರ್ಖಾನೆಯ ಒಳಗೆ ಎಲ್ಲರಿಗೂ ತಿಳಿದಿರುವ ವಿಷಯ, ಅದೇ ಕಾರ್ಖಾನೆಯ ಸರಕು ಅಂಗಡಿಯ ಬಾಗಿಲು ದಾಟಿದೊಡನೆ ಯಾರಿಗೂ ತಿಳಿಯದ ರಹಸ್ಯವಾಗಿಬಿಡುತ್ತದೆ.

ಬಗೆಯನ್ನು ಗುರುತಿಸುವ ಮೊದಲ ದಾರಿ ವಸ್ತುವಿನ ತಳ ನೋಡುವುದು. ಬಾಣಗಳ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿ ಇದ್ದರೆ ಕೆಲಸ ಹಗುರ. ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಸ್ಥೆಯು 1988ರಲ್ಲಿ ರೂಪಿಸಿದ ಈ ಸಂಕೇತಗಳಲ್ಲಿ 2 ಮತ್ತು 4 ಪಾಲಿಎಥಿಲೀನ್, 5 ಪಾಲಿಪ್ರಾಪಿಲೀನ್, 3 ಪಿವಿಸಿ, 6 ಪಾಲಿಸ್ಟೈರೀನ್. 1 ನೀರಿನ ಬಾಟಲಿಯ ಪೆಟ್. ಉಳಿದೆಲ್ಲವನ್ನೂ 7ರ ಚೀಲಕ್ಕೆ ತುಂಬಲಾಗಿದೆ. ಅಂಕಿ ಇಲ್ಲದಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ ನೋಡಬಹುದು. ಪಾಲಿಎಥಿಲೀನ್ ಮತ್ತು ಪಾಲಿಪ್ರಾಪಿಲೀನ್ ನೀರಿಗಿಂತ ಹಗುರವಾದುದರಿಂದ ತೇಲುತ್ತವೆ. ಎಬಿಎಸ್, ಪಾಲಿಸ್ಟೈರೀನ್, ಪಿವಿಸಿ, ನೈಲಾನ್, ಅಕ್ರಿಲಿಕ್ ಮುಳುಗುತ್ತವೆ. ಆದರೆ ಇಲ್ಲೊಂದು ಮೋಸವಿದೆ. ಅಗ್ಗದ ಕುರ್ಚಿಗಳಲ್ಲಿ ಪಾಲಿಪ್ರಾಪಿಲೀನ್‌ಗೆ ಸುಣ್ಣಕಲ್ಲಿನ ಪುಡಿಯನ್ನು ಧಾರಾಳವಾಗಿ ಬೆರೆಸಿರುತ್ತಾರೆ. ಅದು ಮುಳುಗುತ್ತದೆ, ಆದರೂ ಅಂಟುವುದಿಲ್ಲ. ಅಂಥಲ್ಲಿ ಮರೆಯ ಜಾಗವೊಂದಕ್ಕೆ ಅಸಿಟೋನ್ ಒಂದು ಹನಿ ಮುಟ್ಟಿಸಿದರೆ ತಿಳಿಯುತ್ತದೆ: ಎಬಿಎಸ್ ಮತ್ತು ಪಾಲಿಸ್ಟೈರೀನ್ ಮೆತ್ತಗಾಗಿ ಜಿಗುಟಾಗುತ್ತವೆ, ಪಾಲಿಪ್ರಾಪಿಲೀನ್‌ಗೆ ಏನೂ ಆಗುವುದಿಲ್ಲ. ಸುಟ್ಟು ವಾಸನೆ ನೋಡುವ ಹಳೆಯ ಪದ್ಧತಿಯನ್ನು ಕೈಬಿಡುವುದು ಒಳ್ಳೆಯದು. ಪಿವಿಸಿ ಸುಟ್ಟರೆ ಹೊರಬರುವುದು ಹೈಡ್ರೋಜನ್ ಕ್ಲೋರೈಡ್. ಅದು ಮೂಗಿಗೂ ಶ್ವಾಸಕೋಶಕ್ಕೂ ಹಿತವಾದ ಪರೀಕ್ಷೆಯಲ್ಲ.

ಬಗೆ ತಿಳಿದ ಮೇಲೆ ಅಂಟಿನ ಆಯ್ಕೆ ಅಷ್ಟೇನೂ ಕಷ್ಟವಲ್ಲ. ಜನಪ್ರಿಯವಾದ ಕ್ಷಣಾರ್ಧದ ಅಂಟು ಸಯನೊಅಕ್ರಿಲೇಟ್ ವರ್ಗಕ್ಕೆ ಸೇರಿದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಕೊಡಾಕ್ ಸಂಸ್ಥೆಯ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗಾಗಿ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂಬ ಬೇಸರದಿಂದ ಬದಿಗಿಡಲಾಯಿತು. ಅಂಟಾಗಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಗಾಳಿಯ ಹಾಗೂ ಮೇಲ್ಮೈಯ ತೇವಾಂಶವೇ ಇದನ್ನು ಗಟ್ಟಿಗೊಳಿಸುತ್ತದೆ. ಎಬಿಎಸ್, ಪಾಲಿಸ್ಟೈರೀನ್, ಗಡಸು ಪಿವಿಸಿಗಳ ಅಂಚುಗಳು ಒಂದಕ್ಕೊಂದು ಸರಿಯಾಗಿ ಕೂಡುವಂತಿದ್ದರೆ ಇದರಷ್ಟು ಅನುಕೂಲವಾದುದು ಬೇರೊಂದಿಲ್ಲ. ಆದರೆ ತೆಳುವಾಗಿ ಹಚ್ಚಬೇಕು. ಹೆಚ್ಚು ಸುರಿದಷ್ಟೂ ನಿಧಾನ, ಅಷ್ಟೂ ದುರ್ಬಲ. ಎಳೆತವನ್ನು ತಡೆದುಕೊಳ್ಳುವ ಇದು ಸುಲಿತವನ್ನೂ ಪೆಟ್ಟನ್ನೂ ತಡೆಯದು. ಸಾಮಾನ್ಯ ದರ್ಜೆಯದು ಸುಮಾರು 80 ಡಿಗ್ರಿ ಶಾಖದ ಮೇಲೆ ಸೋಲುತ್ತದೆ. ಪಾರದರ್ಶಕ ವಸ್ತುವಿನ ಸುತ್ತ ಬಿಳಿಯ ಮಸುಕನ್ನು ಉಳಿಸುವುದೂ ಉಂಟು. ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆಂಬುದನ್ನು ಮಾರುವವರು ಹೇಳಿಯೇ ಕೊಡಬೇಕು.

ಇದೇ ಅಂಟನ್ನು ಪಾಲಿಪ್ರಾಪಿಲೀನ್‌ಗೆ ಬಳಸಲೇಬೇಕೆಂದಿದ್ದರೆ ಅದಕ್ಕೆಂದೇ ತಯಾರಾದ ಪ್ರೈಮರ್ ಇದೆ. ಮೊದಲು ಪ್ರೈಮರ್ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಿ ಒತ್ತಬೇಕು. ಇವೆರಡನ್ನೂ ಜೋಡಿಯಾಗಿ ಕಟ್ಟಿದ ಪೊಟ್ಟಣ ಹಲವೆಡೆ ಮಾರಾಟದಲ್ಲಿದ್ದರೂ ಚಿಕ್ಕ ಊರುಗಳ ಅಂಗಡಿಗಳಲ್ಲಿ ಅಪರೂಪ. ಪಾಲಿಪ್ರಾಪಿಲೀನ್ ಮತ್ತು ಪಾಲಿಎಥಿಲೀನ್‌ಗಳನ್ನು ಪ್ರೈಮರ್ ಇಲ್ಲದೆಯೇ ಹಿಡಿಯುವ ಎರಡು ಭಾಗಗಳ ವಿಶೇಷ ಅಕ್ರಿಲಿಕ್ ಅಂಟುಗಳೂ ಬಂದಿವೆ. ಬೆಲೆ ದುಬಾರಿ, ಆದುದರಿಂದ ಬಕೆಟ್ಟಿಗೆ ಬೇಡ, ಯಂತ್ರದ ಬಿಡಿಭಾಗಕ್ಕಾದರೆ ಯೋಗ್ಯ.

ಎಪಾಕ್ಸಿಯ ವಿಚಾರದಲ್ಲಿ ಪ್ರಚಲಿತವಿರುವ ತಪ್ಪು ತಿಳಿವಳಿಕೆಗಳು ಒಂದೆರಡಲ್ಲ. ರಾಳ ಮತ್ತು ಗಡಸುಕಾರಕಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಗಡಸುಕಾರಕ ಸ್ವಲ್ಪ ಹೆಚ್ಚು ಹಾಕಿದರೆ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬ ನಂಬಿಕೆ ಕಾರ್ಯಾಗಾರಗಳಲ್ಲಿ ಬೇರೂರಿದೆ. ಫೈಬರ್‌ಗ್ಲಾಸ್ ಕೆಲಸದ ಪಾಲಿಎಸ್ಟರ್ ರಾಳದಲ್ಲಿ ವೇಗವರ್ಧಕವನ್ನು ಹೆಚ್ಚು ಕಡಿಮೆ ಮಾಡುವ ಅಭ್ಯಾಸದಿಂದ ಈ ನಂಬಿಕೆ ಬಂದಿರಬಹುದು. ಎಪಾಕ್ಸಿಯಲ್ಲಿ ಎರಡೂ ಭಾಗಗಳು ಒಂದರೊಡನೊಂದು ಸೇರಿಯೇ ಘನವಸ್ತುವಾಗುವುದು. ಹೆಚ್ಚಾದ ಭಾಗ ಸೇರದೆ ಉಳಿದು ಮೆದುವಾದ ಕೊಳೆಯಂತೆ ಒಳಗೇ ಇರುತ್ತದೆ. ಐದು ನಿಮಿಷದಲ್ಲಿ ಬಿಗಿಯುವ ಎಪಾಕ್ಸಿ ಅವಸರದವರಿಗೆ ಅನುಕೂಲವೆಂಬುದು ನಿಜ. ಆದರೆ ಬಲ ಹಾಗೂ ನೀರು ತಡೆಯುವ ಗುಣಗಳಲ್ಲಿ ನಿಧಾನವಾಗಿ ಗಟ್ಟಿಯಾಗುವ ಬಗೆಯೇ ಸಾಮಾನ್ಯವಾಗಿ ಮೇಲು. ಯಾವ ಬಗೆಯಾದರೂ ಒಂದು ದಿನ ಕಳೆಯುವವರೆಗೆ ಭಾರ ಹೊರಿಸಬಾರದು. ಸಂಜೆ ಅಂಟಿಸಿ ರಾತ್ರಿಯೇ ಬಳಸಿ, ಬೆಳಿಗ್ಗೆ ಅಂಗಡಿಯವನನ್ನು ದೂರುವ ಗ್ರಾಹಕರಿಗೆ ಇಷ್ಟನ್ನು ಹೇಳಿ ಕಳುಹಿಸಿದರೆ ಅರ್ಧ ಜಗಳ ಕಡಿಮೆಯಾದೀತು.

ಭರ್ತಿಯ ಪದಾರ್ಥವನ್ನೂ ಅಂಟನ್ನೂ ಒಂದೇ ಎಂದು ತಿಳಿಯುವುದು ಇನ್ನೊಂದು ಗೊಂದಲ. ಕಣಕದಂತೆ ನಾದಿ ಮೆತ್ತುವ ಎಪಾಕ್ಸಿ ಪುಟ್ಟಿ ಖಾಲಿಯಾದ ಜಾಗವನ್ನು ತುಂಬುತ್ತದೆ, ಸೋರಿಕೆಯನ್ನು ನಿಲ್ಲಿಸುತ್ತದೆ, ಮುರಿದುಹೋದ ಮೂಲೆಗೆ ಆಕಾರ ಕೊಡುತ್ತದೆ. ಬಲ ಕೊಡುವುದು ಅದರ ಮುಖ್ಯ ಕೆಲಸವಲ್ಲ. ಸಯನೊಅಕ್ರಿಲೇಟ್‌ಗೆ ಅಡುಗೆ ಸೋಡ ಉದುರಿಸಿ ತಕ್ಷಣ ಕಲ್ಲಾಗಿಸುವ ಉಪಾಯವೂ ಇದೇ ವರ್ಗದ್ದು: ಬಿರುಕು ತುಂಬುತ್ತದೆ, ಗಾಜಿನಂತೆ ಗಡುಸಾಗುತ್ತದೆ, ಬಾಗಿಸಿದರೆ ಗಾಜಿನಂತೆಯೇ ಸಿಡಿಯುತ್ತದೆ. ಬಲ ಬೇಕಿದ್ದಲ್ಲಿ ಹಿಂಬದಿಯಿಂದ ಗಾಜಿನ ನೂಲಿನ ಬಟ್ಟೆಯನ್ನೋ ತಂತಿಯ ಬಲೆಯನ್ನೋ ಎಪಾಕ್ಸಿಯಲ್ಲಿ ಹುದುಗಿಸಬೇಕು. ಬಿರುಕಿನ ತುದಿಯಲ್ಲಿ ಸುಮಾರು 3 ಮಿಲಿಮೀಟರ್‌ನ ರಂಧ್ರ ಕೊರೆದರೆ ಬಿರುಕು ಮುಂದೆ ಓಡದೆ ನಿಲ್ಲುತ್ತದೆ. ಒರಟು ಉಜ್ಜುಕಾಗದದಿಂದ ಮೇಲ್ಮೈಯನ್ನು ಗೀಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸುವುದನ್ನು ಬಿಡಲೇಬಾರದು. ಅಚ್ಚಿನಿಂದ ವಸ್ತು ಸುಲಭವಾಗಿ ಕಳಚಲೆಂದು ಬಳಸಿದ ಸಿಲಿಕೋನ್, ಕಾರಿನ ಒಳಭಾಗಕ್ಕೆ ಮಿರುಗು ಕೊಡುವ ಪಾಲಿಶ್ ಮುಂತಾದವು ಎಂತಹ ಅಂಟನ್ನೂ ಸೋಲಿಸುತ್ತವೆ.

ಪಿವಿಸಿ, ಎಬಿಎಸ್, ಅಕ್ರಿಲಿಕ್‌ಗಳಿಗೆ ದ್ರಾವಕ ಸಿಮೆಂಟಿನ ದಾರಿಯೂ ಇದೆ. ಕೊಳಾಯಿ ಕೆಲಸದವರು ನಿತ್ಯ ಬಳಸುವ ಇದು ನಿಜವಾಗಿ ಅಂಟೇ ಅಲ್ಲ. ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ. ಸರಿಯಾಗಿ ಮಾಡಿದ ಜೋಡಣೆ ಮೂಲ ವಸ್ತುವಿನ ಬಲಕ್ಕೆ ಹತ್ತಿರವಾಗುತ್ತದೆ. ಅಕ್ರಿಲಿಕ್ ಕೆಲಸದಲ್ಲಿ ಬಳಸುವ ಮೆಥಿಲೀನ್ ಕ್ಲೋರೈಡ್‌ನ ಆವಿ ಮಾತ್ರ ಅಪಾಯಕಾರಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರಲ್ಲಿ ಅದರ ಬಹುಪಾಲು ಬಳಕೆಗಳನ್ನು ನಿಷೇಧಿಸುವ ನಿಯಮ ಹೊರಡಿಸಿತು. ಮುಚ್ಚಿದ ಕೋಣೆಯಲ್ಲಿ ನಾಮಫಲಕ ತಯಾರಿಸುವ ಸಣ್ಣ ಘಟಕಗಳವರು ಇದನ್ನು ಗಮನಿಸಬೇಕು.

ಪಾಲಿಪ್ರಾಪಿಲೀನ್ ಹಾಗೂ ಪಾಲಿಎಥಿಲೀನ್‌ಗಳ ಭಾರವಾದ ವಸ್ತುಗಳಿಗೆ ಅಂಟಿನ ಹಂಗೇ ಬೇಡ, ಬೆಸುಗೆಯೇ ಸರಿ ಎಂಬುದು ಅನುಭವಿಗಳ ಮಾತು. ಅದು ಒಪ್ಪತಕ್ಕದ್ದೇ ಆಗಿದೆ. ಬಿಸಿಗಾಳಿಯ ಬಂದೂಕು ಮತ್ತು ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಇದ್ದರೆ ಸಾಕು. ಬಿರುಕನ್ನು ಇಂಗ್ಲಿಷಿನ 'ವಿ' ಅಕ್ಷರದಾಕಾರದಲ್ಲಿ ಕೆತ್ತಿ, 300 ಡಿಗ್ರಿಯ ಆಸುಪಾಸಿನ ಗಾಳಿಯಿಂದ ಕಡ್ಡಿಯನ್ನೂ ಮೈಯನ್ನೂ ಒಟ್ಟಿಗೆ ಮೆದುಗೊಳಿಸಿ ಒತ್ತುತ್ತ ಹೋಗಬೇಕು. ಪಾಲಿಪ್ರಾಪಿಲೀನ್‌ಗೆ ಪಾಲಿಪ್ರಾಪಿಲೀನ್ ಕಡ್ಡಿ, ಪಾಲಿಎಥಿಲೀನ್‌ಗೆ ಪಾಲಿಎಥಿಲೀನ್ ಕಡ್ಡಿ. ದಾಯಾದಿಗಳಾದರೂ ಇವೆರಡೂ ಪರಸ್ಪರ ಬೆಸೆಯುವುದಿಲ್ಲ. ಮನೆಯ ಮೇಲಿನ ನೀರಿನ ತೊಟ್ಟಿ, ಕಾರಿನ ಬಂಪರ್ ಇವುಗಳ ದುರಸ್ತಿಗೆ ಇದು ಪರಿಚಿತ ವಿಧಾನ.

ಈ ವಿಧಾನ ವಾಣಿಜ್ಯದ ದೃಷ್ಟಿಯಿಂದ ಎಷ್ಟು ಮುಖ್ಯವೆಂಬುದನ್ನು ಕೋಲಾರದ ಕೃಷಿ ಮಾರುಕಟ್ಟೆಯಲ್ಲಿ ಕಾಣಬಹುದು. ಅಲ್ಲಿ ಟೊಮೆಟೊ ವಹಿವಾಟು ನಡೆಯುವುದೇ 15 ಕಿಲೋ ಲೆಕ್ಕದ ಕ್ರೇಟುಗಳಲ್ಲಿ. ಹೊಲದಿಂದ ಮಂಡಿಗೆ, ಮಂಡಿಯಿಂದ ಲಾರಿಗೆ, ಮರಳಿ ಹೊಲಕ್ಕೆ ತಿರುಗುವ ಈ ಕ್ರೇಟುಗಳು ಎತ್ತಿ ಎಸೆಯುವ ರಭಸಕ್ಕೆ ಮೂಲೆಗಳಲ್ಲಿ ಸೀಳುತ್ತವೆ. ಸೀಳಿದ್ದನ್ನು ತಂತಿಯಿಂದ ಬಿಗಿದರೆ ತಂತಿಯ ತುದಿ ಹಣ್ಣನ್ನು ಚುಚ್ಚುತ್ತದೆ. ಚುಚ್ಚಿದ ಒಂದು ಹಣ್ಣು ದೂರದ ಪ್ರಯಾಣದಲ್ಲಿ ಸುತ್ತಲಿನ ಹಣ್ಣುಗಳನ್ನೂ ಕೆಡಿಸುತ್ತದೆ. ಎಪಾಕ್ಸಿ ಮೆತ್ತಿದರೆ ಮೊದಲ ಎಸೆತಕ್ಕೇ ಕಳಚುತ್ತದೆ. ಬಿಸಿಗಾಳಿಯ ಬೆಸುಗೆಯಾದರೆ ಕೆಲವೇ ನಿಮಿಷಗಳ ಕೆಲಸ. ಕಡ್ಡಿಗೂ ಹಣ ಕೊಡಬೇಕಾಗಿಲ್ಲ, ಪೂರ್ತಿ ಹಾಳಾದ ಅದೇ ಬಗೆಯ ಕ್ರೇಟಿನಿಂದಲೇ ಪಟ್ಟಿ ಕತ್ತರಿಸಿಕೊಳ್ಳಬಹುದು. ಬಿಸಿಲಿಗೆ ಬಣ್ಣ ಮಾಸಿ, ಕೈಯಾಡಿಸಿದರೆ ಪುಡಿ ಹತ್ತುವ ಹಂತ ತಲಪಿದ ಕ್ರೇಟಿಗೆ ಮಾತ್ರ ಬೆಸುಗೆಯೂ ನಿಲ್ಲದು. ಅದರ ಜಾಗ ಪುನರ್ಬಳಕೆಯ ಘಟಕ. ಸಾವಿರಾರು ಕ್ರೇಟುಗಳನ್ನು ಓಡಿಸುವ ಮಂಡಿಯ ಪಕ್ಕದಲ್ಲಿ ಇಂಥ ದುರಸ್ತಿಯ ಸಣ್ಣ ಘಟಕವೊಂದು ಏಕೆ ನಿಲ್ಲಬಾರದು ಎಂಬುದು ಯೋಚಿಸತಕ್ಕ ವಿಷಯ. ಬಂಡವಾಳ ಅಲ್ಪ, ಕೌಶಲ ಕೆಲವು ದಿನಗಳ ಅಭ್ಯಾಸದಿಂದ ಬರುವಂಥದು.

ದುರಸ್ತಿಯ ಉತ್ಸಾಹಕ್ಕೂ ಒಂದು ಗಡಿ ಇರಬೇಕು. ಬಿರುಕುಬಿಟ್ಟ ಹೆಲ್ಮೆಟ್ಟನ್ನು ಯಾವ ಅಂಟಿನಿಂದಲೂ ಸರಿಪಡಿಸಬಾರದು. ಅದರ ಹೊರಚಿಪ್ಪನ್ನು ದ್ರಾವಕಗಳು ಇನ್ನಷ್ಟು ದುರ್ಬಲಗೊಳಿಸುತ್ತವೆ. ಒತ್ತಡದ ಪಾತ್ರೆ, ಏಣಿ, ವಿದ್ಯುತ್ ಉಪಕರಣಗಳಲ್ಲಿ ಪ್ರವಾಹವಿರುವ ಭಾಗದ ಹೊದಿಕೆ ಇವೂ ಹಾಗೆಯೇ. ಕುರ್ಚಿಯ ಕಾಲು ಒಡೆದರೆ ಅಂಟಿಸಿಕೊಟ್ಟು ಹಣ ಪಡೆಯುವ ಮುನ್ನ ಅದರ ಮೇಲೆ ಕೂರುವವರು ವಯಸ್ಸಾದವರಾಗಿರಬಹುದೆಂಬುದನ್ನು ನೆನೆಯುವುದು ಲೇಸು. ಕುಡಿಯುವ ನೀರು ಅಥವಾ ಆಹಾರ ತಾಗುವ ಕಡೆ ಅದಕ್ಕೆಂದೇ ಪ್ರಮಾಣೀಕೃತವಾದ ಅಂಟಲ್ಲದೆ ಬೇರಾವುದನ್ನೂ ಬಳಸುವಂತಿಲ್ಲ.

ಇಷ್ಟೆಲ್ಲ ಪರೀಕ್ಷೆಗಳ ಅಗತ್ಯ ಬೀಳುವುದೇ ವಸ್ತುವಿನ ಮೇಲೆ ಅದರ ಹೆಸರು ಇಲ್ಲದಿರುವುದರಿಂದ. ವಾಹನ ಉದ್ಯಮ ಈ ವಿಷಯದಲ್ಲಿ ಮುಂದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಕಾರಿನ ಬಂಪರೊಂದನ್ನು ತಿರುಗಿಸಿ ನೋಡಿದರೆ 'ಪಿಪಿ+ಇಪಿಡಿಎಂ-ಟಿಡಿ20' ಎಂಬಂತಹ ಬರಹ ಕಾಣುವ ಸಂಭವವಿದೆ. ರಬ್ಬರ್ ಬೆರೆತ ಪಾಲಿಪ್ರಾಪಿಲೀನ್, ಶೇಕಡಾ 20ರಷ್ಟು ಟಾಲ್ಕ್ ಪುಡಿ ಎಂದು ಅದರ ಅರ್ಥ. ದುರಸ್ತಿಯವನಿಗೆ ಬೇಕಾದ ಜಾತಕ ಅಷ್ಟರಲ್ಲೇ ಇದೆ. ಭಾರತೀಯ ಮಾನಕ ಬ್ಯೂರೋ ಕೂಡ ಐಎಸ್ 14534 ಎಂಬ 1998ರ ಮಾರ್ಗಸೂಚಿಯಲ್ಲಿ ಪ್ಲಾಸ್ಟಿಕ್ಕುಗಳ ಗುರುತಿನ ಸಂಕೇತಗಳನ್ನು ನೀಡಿತ್ತು. ಪ್ಯಾಕೇಜಿಂಗ್ ಹಾಗೂ ಕೈಚೀಲಗಳತ್ತ ಹರಿದ ಗಮನ ಬಾಳಿಕೆಯ ಗೃಹಬಳಕೆ ವಸ್ತುಗಳತ್ತ ಅಷ್ಟಾಗಿ ಹರಿಯಲಿಲ್ಲ. ಬಕೆಟ್ಟು, ಕುರ್ಚಿ, ಟಬ್ಬುಗಳ ತಳದಲ್ಲಿ ತಯಾರಕರ ಹೆಸರು ದಪ್ಪಕ್ಷರದಲ್ಲಿರುತ್ತದೆ, ಪ್ಲಾಸ್ಟಿಕ್ಕಿನ ಹೆಸರು ಅನೇಕ ವೇಳೆ ಇರುವುದೇ ಇಲ್ಲ.

ಗುರುತು ಹಾಕುವುದಕ್ಕೆ ವೆಚ್ಚದ ನೆಪ ಹೇಳುವುದು ಸರಿಯಲ್ಲ. ಅಚ್ಚಿನಲ್ಲಿ ಒಮ್ಮೆ ಕೆತ್ತಿದರೆ ಅದರಿಂದ ಹೊರಬರುವ ಲಕ್ಷ ತುಂಡುಗಳ ಮೇಲೂ ತಾನಾಗಿಯೇ ಮೂಡುತ್ತದೆ. ನಿಜವಾದ ಹಿಂಜರಿಕೆ ಬೇರೆಡೆ ಇದೆ. ಅಗ್ಗದ ಸರಕಿನಲ್ಲಿ ಸಿಕ್ಕಿದ ಮರುಬಳಕೆಯ ಕಾಳನ್ನೆಲ್ಲ ಬೆರೆಸುವ ಘಟಕಗಳಿಗೆ ಅಂಕಿಯೊಂದನ್ನು ಅಚ್ಚೊತ್ತುವುದೆಂದರೆ ಮಾತು ಕೊಟ್ಟಂತೆ; ಇಂದು ಪಾಲಿಪ್ರಾಪಿಲೀನ್, ನಾಳೆ ಇನ್ನೇನೋ ಎಂಬ ಸ್ವಾತಂತ್ರ್ಯ ತಪ್ಪುತ್ತದೆ. ಶುದ್ಧ ಕಚ್ಚಾವಸ್ತು ಬಳಸಿ ಹೆಚ್ಚಿನ ಬೆಲೆಗೆ ಮಾರಬೇಕಾದ ಪ್ರಾಮಾಣಿಕ ತಯಾರಕರಿಗಾದರೋ ಇದೇ ಗುರುತು ಖರ್ಚಿಲ್ಲದ ಜಾಹೀರಾತು. ದುರಸ್ತಿ ಸುಲಭವಾದರೆ ಹೊಸದರ ಮಾರಾಟ ಕುಸಿಯುತ್ತದೆ ಎಂಬ ಭಯವನ್ನೂ ಕೆಲವರು ಮುಂದಿಡುತ್ತಾರೆ. ಬಕೆಟ್ಟಿನ ಮಟ್ಟಿಗೆ ಅದರಲ್ಲಿ ಸತ್ಯಾಂಶವಿರಬಹುದು. ಕ್ರೇಟು, ತೊಟ್ಟಿ, ಬಂಪರ್, ಯಂತ್ರಕವಚಗಳನ್ನು ಕೊಳ್ಳುವವರು ಮಾತ್ರ ಬಾಳಿಕೆಯ ಲೆಕ್ಕ ಹಾಕಿಯೇ ಕೊಳ್ಳುವ ವ್ಯಾಪಾರಿಗಳು. ಸರಿಪಡಿಸಬಹುದಾದ ಸರಕಿಗೆ ಅವರು ಮರಳಿ ಬರುತ್ತಾರೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಅಂತರ್ಜಾಲ ತಾಣವನ್ನೂ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹಬಳಕೆ ಯಂತ್ರ, ವಾಹನಗಳು ಅದರ ವ್ಯಾಪ್ತಿಯಲ್ಲಿ ಬಂದವು. ಇವೆಲ್ಲವುಗಳಲ್ಲೂ ಪ್ಲಾಸ್ಟಿಕ್ ಭಾಗಗಳಿರುತ್ತವೆ. ಸರ್ಕಾರದ ಆದೇಶ ಬರುವವರೆಗೆ ಕಾಯುವುದಕ್ಕಿಂತ ತಯಾರಕರ ಸಂಘಗಳು ತಾವಾಗಿಯೇ ಮುಂದಾಗುವುದು ಉದ್ಯಮದ ಘನತೆಗೆ ತಕ್ಕುದು.

ವರ್ತಕರ ಪಾಲಿಗೂ ಕೆಲಸವಿದೆ. ಅಂಟುಗಳನ್ನು ಬ್ರಾಂಡಿನ ಪ್ರಕಾರ ಜೋಡಿಸುವ ಬದಲು ಅವು ಹಿಡಿಯುವ ಪ್ಲಾಸ್ಟಿಕ್ಕಿನ ಪ್ರಕಾರ ಕಪಾಟಿನಲ್ಲಿ ಜೋಡಿಸಬಹುದು. ಮುಂದೆ ಒಂದು ಲೋಟ ನೀರು, ಹಿಂದೆ ಒಂದು ಸೀಸೆ ಅಸಿಟೋನ್ ಇಟ್ಟುಕೊಂಡು, ಗ್ರಾಹಕ ತಂದ ಚೂರನ್ನು ಅವನ ಕಣ್ಣೆದುರೇ ಪರೀಕ್ಷಿಸಿದರೆ ಹೆಚ್ಚೆಂದರೆ ಎರಡು ನಿಮಿಷ ಹಿಡಿದೀತು. "ಇದಕ್ಕೆ ಯಾವ ಅಂಟೂ ನಿಲ್ಲುವುದಿಲ್ಲ, ಬೆಸುಗೆಯವರ ಬಳಿಗೆ ಹೋಗಿ" ಎಂದು ಹೇಳಿ ಒಂದು ಟ್ಯೂಬಿನ ಮಾರಾಟವನ್ನು ಕಳೆದುಕೊಳ್ಳುವ ವರ್ತಕರ ಬಳಿಗೆ ಆ ಗ್ರಾಹಕ ಬಣ್ಣ, ಕೊಳವೆ, ಮೊಳೆಗಳಿಗಾಗಿ ವರ್ಷಗಟ್ಟಲೆ ಬರುತ್ತಾನೆ. ಮೈಸೂರಿನ ಸಿಪೆಟ್ ಕೇಂದ್ರದಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ತರಬೇತಿಗೆ ವ್ಯವಸ್ಥೆಯಿದೆ. ಅಲ್ಲಿನ ಪರಿಣತರನ್ನು ಆಹ್ವಾನಿಸಿ, ಗುರುತಿಸುವಿಕೆ ಹಾಗೂ ಬಿಸಿಗಾಳಿಯ ಬೆಸುಗೆಯ ಅರ್ಧ ದಿನದ ಪ್ರಾತ್ಯಕ್ಷಿಕೆಯನ್ನು ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಏರ್ಪಡಿಸುವುದು ಕಷ್ಟವೇನಲ್ಲ. ಮೊದಲನೆಯದು ಕೋಲಾರದಲ್ಲಿ, ಟೊಮೆಟೊ ಸುಗ್ಗಿ ಆರಂಭವಾಗುವ ಮುನ್ನ ನಡೆದರೆ, ಪ್ರಾತ್ಯಕ್ಷಿಕೆಗೆ ಬೇಕಾದ ಒಡೆದ ಕ್ರೇಟುಗಳನ್ನು ಬೇರೆಡೆಯಿಂದ ತರಿಸುವ ಅಗತ್ಯವಿರದು.